ಕೆನ್ನೆಯ ಮೇಲಿನ ಹೆಬ್ಬೆರಳು

"ನೀನು ಹೋದ ದಿನ ನಿನ್ನ ಕೈ ತಂದು ನಿನ್ನ ಪಕ್ಕದಲ್ಲೇ ಇಡ್ತೀನಿ" ಎಂದು ಇಪ್ಪತ್ತೆರಡು ವರ್ಷದ ಹಿಂದೆ ಕೊಟ್ಟ ಮಾತಿಗಾಗಿ ಕ್ಷೌರದ ತಮ್ಮಯ್ಯ ಬೆಳಕು ಹರಿದಾಗಿನಿಂದ ಅಗೆಯುತ್ತಿದ್ದ. ಎರಡು ಮರದ ಬುಡ ಮುಗಿದು ಈಗ ಮೂರನೆಯದು. ಗುದ್ದಲಿಗೆ ಬೇರು ಸಿಗುತ್ತಿತ್ತು, ಕಲ್ಲು ಸಿಗುತ್ತಿತ್ತು. ಭೂತಯ್ಯನ ಬಲಗೈ ಮಾತ್ರ ಸಿಗುತ್ತಿರಲಿಲ್ಲ.

ಬೇಲಿಯಾಚೆ ಪಲ್ಪರ್ ಮನೆಯಲ್ಲಿ ಕಾಫಿಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ಗರಗರ ತಿರುಗುತ್ತಲೇ ಇತ್ತು. ಕೊಯ್ದ ಹಣ್ಣು ಯಾರ ಸಾವಿಗೂ ಕಾಯುವುದಿಲ್ಲ. ಭೂತಯ್ಯನ ಕೈಯನ್ನು ಒಳಗೆಳೆದುಕೊಂಡದ್ದೂ ಅದೇ ಯಂತ್ರ.

ಬಾಳೂರಿನ ಆ ತೋಟದ ರೈಟರ್ ರುದ್ರಪ್ಪ ಹಾಜರಿ ಪುಸ್ತಕ ಕಂಕುಳಲ್ಲಿಟ್ಟುಕೊಂಡೇ ಇಳಿದು ಬಂದ.

"ಎಂಥ ಮಾಡ್ತಿದ್ದೀಯ ಮಾರಾಯ? ತೋಟದ ದೊರೆ ನೋಡಿದ್ರೆ ನನ್ನ ಕುತ್ತಿಗೆಗೆ ಬರ್ತದೆ. ಭೂತಯ್ಯನಿಗೆ ಗುಂಡಿ ತೋಡ್ತಿರೋದು ಹಳ್ಳದ ಆಚೆ."

"ಅದು ಅವನಿಗೆ ರೈಟ್ರೇ. ಇದು ಅವನ ಕೈಗೆ."

ರುದ್ರಪ್ಪ ಬಗ್ಗಿ ಗುಂಡಿಯೊಳಗೆ ನೋಡಿದ. "ಯಾವ ಮರ ಅಂತ ಗೊತ್ತುಂಟಾ?"

"ಗೊತ್ತಿದ್ರೆ ಮೂರು ಮರ ಯಾಕೆ ಅಗೀತಿದ್ದೆ?"

ತಪ್ಪು ತನ್ನದೇ ಎಂಬುದು ತಮ್ಮಯ್ಯನಿಗೆ ಗೊತ್ತಿತ್ತು. ಕೈ ಹೂತ ಜಾಗ ಮರೆಯದಿರಲೆಂದು ಅವತ್ತು ಕೈಗೆ ಸಿಕ್ಕಿದ ಗೂಟ ನೆಟ್ಟಿದ್ದ. ಅದು ಹಾಲವಾಣದ ಗೂಟ. ಹಾಲವಾಣವನ್ನು ಎಲ್ಲಿ ಚುಚ್ಚಿದರೂ ಚಿಗುರುತ್ತದೆ. ಮುಂದಿನ ಮಳೆಗಾಲದಲ್ಲಿ ಕಾಫಿ ಸಸಿಗೆ ನೆರಳಾಗಲೆಂದು ಮೇಸ್ತ್ರಿ ಆ ಇಳಿಜಾರಿನ ಉದ್ದಕ್ಕೂ ಅಂಥವೇ ಗೂಟಗಳನ್ನು ಊರಿಸಿದ. ಮರುವರ್ಷ ನೋಡಿದರೆ ಒಂದೇ ಎತ್ತರದ ನಲವತ್ತು ಗಿಡ. ತಮ್ಮಯ್ಯನದು ಯಾವುದು, ಮೇಸ್ತ್ರಿಯದು ಯಾವುದು ಎಂದು ಆ ಮಣ್ಣೇ ಹೇಳಬೇಕು. ಕಲ್ಲು ನೆಡಬೇಕಾದಲ್ಲಿ ಗೂಟ ನೆಟ್ಟಿದ್ದ. ಇದನ್ನು ಭೂತಯ್ಯನಿಗೆ ಹೇಳಲು ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಬಾಯಿ ಬಂದಿರಲಿಲ್ಲ.

"ಶಾಸ್ತ್ರ ಮಾಡಿಸೋ ಗುರುವಯ್ಯನವರು ಕಾಯ್ತಿದ್ದಾರೆ" ಎಂದ ರುದ್ರಪ್ಪ. "ಹೆಣಕ್ಕೆ ಕ್ಷೌರ ಆಗಬೇಕಂತೆ. ಮಧ್ಯಾಹ್ನ ದಾಟಿಸಬಾರದಂತೆ."

"ಇನ್ನೊಂದು ಮರ ನೋಡಿ ಬಂದೆ ಅನ್ನಿ."

ನಾಲ್ಕನೆಯದರ ಬುಡದಲ್ಲೂ ಬೇರಿತ್ತು, ಕಲ್ಲಿತ್ತು.

*

ಆ ವರ್ಷ ಪಲ್ಪರಿಗೆ ಹಣ್ಣು ಸುರಿಯುವ ಕೆಲಸ ಭೂತಯ್ಯನದು. ಸಿಕ್ಕಿಕೊಂಡ ಕಡ್ಡಿಯೊಂದನ್ನು ತೆಗೆಯಲು ಹೋದ ಕೈ ಮಣಿಕಟ್ಟಿನವರೆಗೆ ಜಜ್ಜಿಹೋಯಿತು. ಮೂಡಿಗೆರೆಯಿಂದ ಬಂದ ಡಾಕ್ಟರು ಕತ್ತರಿಸದೆ ವಿಧಿಯಿಲ್ಲ ಎಂದರು. ಕೈ ನಡುಗದವರು ಯಾರಾದರೂ ಇವನನ್ನು ಹಿಡಿದುಕೊಳ್ಳಿ ಎಂದರು. ಇಡೀ ತೋಟದಲ್ಲಿ ಕೈ ನಡುಗದವನೆಂದರೆ ದಿನವೂ ಜನರ ಗಂಟಲ ಮೇಲೆ ಕತ್ತಿ ಆಡಿಸುವ ತಮ್ಮಯ್ಯ. ಹಿಡಿದುಕೊಂಡ. ಕತ್ತರಿಸಿದ್ದನ್ನು ಗೋಣಿಯಲ್ಲಿ ಸುತ್ತಿ ಹೂತವನೂ ಅವನೇ.

ಮೂರನೆಯ ದಿನ ಭೂತಯ್ಯ ಕಣ್ಣು ಬಿಟ್ಟು ಕೇಳಿದ್ದು ಒಂದೇ. "ಎಲ್ಲಿಟ್ಟೆ?"

"ಪಲ್ಪರ್ ಮನೆ ಹಿಂದೆ. ಗೂಟ ನೆಟ್ಟಿದ್ದೀನಿ."

"ನಾನು ಸತ್ತ ದಿನ ತಂದುಕೊಡು. ಒಂದೇ ಕೈ ಇಟ್ಕೊಂಡು ಮೇಲೆ ಹೋದ್ರೆ ದೇವರ ಮುಂದೆ ಹೆಂಗೆ ಕೈ ಮುಗೀಲಿ? ದೊರೆಗೆ ಸಲಾಂ ಹೊಡೆದಂಗಾಗ್ತದೆ."

"ತರ್ತೀನಿ ಮಾರಾಯ. ಪಕ್ಕದಲ್ಲೇ ಇಡ್ತೀನಿ."

ಆದರೆ ಕೈ ಹೋಗಿರಲಿಲ್ಲ. ಇಲ್ಲದ ಆ ಕೈ ಬಿಗಿದ ಮುಷ್ಟಿಯಾಗಿ ಭೂತಯ್ಯನ ಜೊತೆಗೇ ಉಳಿದುಕೊಂಡಿತು. ಉಗುರು ಅಂಗೈಗೆ ನಾಟಿದ ಹಾಗೆ ನೋವು. ಬಿಚ್ಚೋಣವೆಂದರೆ ಬಿಚ್ಚಲು ಬೆರಳಿಲ್ಲ, ಎಣ್ಣೆ ತಿಕ್ಕೋಣವೆಂದರೆ ತಿಕ್ಕಲು ಜಾಗವಿಲ್ಲ. ತಿಂಗಳೊಪ್ಪತ್ತು ಕಳೆದು ತಮ್ಮಯ್ಯ ಅವನ ಬಲಗೆನ್ನೆಗೆ ಕತ್ತಿಯಿಟ್ಟಾಗ ಭೂತಯ್ಯ ಬೆಚ್ಚಿಬಿದ್ದ.

"ಹೆಬ್ಬೆರಳು ಮುಟ್ಟಬೇಡ."

"ಯಾವ ಹೆಬ್ಬೆರಳು ಮಾರಾಯ? ನಾನೇ ಹೂತು ಬಂದಿದ್ದೀನಿ."

"ನೀನು ಹೂತಿದ್ದನ್ನೇ ಈಗ ಕೆರೀತಿದ್ದೀಯ."

ಅಂದಿನಿಂದ ಒಂದೊಂದು ಕ್ಷೌರಕ್ಕೂ ಒಂದೊಂದು ಬೆರಳಿನಂತೆ ತಮ್ಮಯ್ಯ ಆ ಕೈಯನ್ನು ಹುಡುಕಿದ. ಕೆನ್ನೆಯ ಎಲುಬಿನ ಕೆಳಗೆ ಹೆಬ್ಬೆರಳು. ಮೀಸೆಯ ಮೇಲೆ ತೋರುಬೆರಳು. ಗಲ್ಲದ ಮೂಲೆಯಲ್ಲಿ ಕಿರುಬೆರಳು. ಒದ್ದೆ ಕೈಯಿಂದ ದವಡೆಯ ತುದಿಯಿಂದ ಮೇಲಕ್ಕೆ ನಿಧಾನವಾಗಿ ಸವರಿದರೆ ಮುಷ್ಟಿ ಸಡಿಲುತ್ತಿತ್ತು. "ಬಿಚ್ತು" ಎಂದು ಭೂತಯ್ಯ ಉಸಿರು ಬಿಡುತ್ತಿದ್ದ. ಆಮೇಲೇ ಸೋಪು, ಆಮೇಲೇ ಕತ್ತಿ. ದಿನನಿತ್ಯದ ಸವರುವಿಕೆಯನ್ನು ಭೂತಯ್ಯನ ಹೆಂಡತಿ ಭಾಗಮ್ಮ ಕಲಿತುಕೊಂಡಳು.

ಎರಡನೆಯ ಮಹಾಯುದ್ಧಕ್ಕೆ ಮೊದಲೊಮ್ಮೆ ದೊರೆಯ ಬಂಗಲೆಗೆ ಪಟ್ಟಣದ ಡಾಕ್ಟರೊಬ್ಬರು ನೆಂಟರಾಗಿ ಬಂದಿದ್ದರು. ಸಂಗತಿ ಕೇಳಿ ಕೂಲಿಯಾಳುಗಳ ಲೈನ್ ಮನೆಯವರೆಗೂ ಬಂದು, ತಮ್ಮಯ್ಯ ತೋರಿಸಿದಂತೆಲ್ಲ ಒದ್ದೆಯಾದರೆ ನೇರಳೆ ಬಣ್ಣ ಬಿಡುವ ಕಾಪಿ ಪೆನ್ಸಿಲಿನಿಂದ ಭೂತಯ್ಯನ ಕೆನ್ನೆಯ ಮೇಲೆ ಗೆರೆ ಎಳೆದು, ಅದನ್ನು ಕಾಗದಕ್ಕೆ ಇಳಿಸಿಕೊಂಡರು.

"ಮೆದುಳಲ್ಲಿ ಒಂದೊಂದು ಅಂಗಕ್ಕೂ ಒಂದೊಂದು ಜಾಗ ಇದೆ" ಎಂದರು. "ಕೈ ಆಡಿಸುವ ಜಾಗದ ಪಕ್ಕದಲ್ಲೇ ಮುಖದ್ದು. ಪುಸ್ತಕದಲ್ಲಿ ಇಷ್ಟಿದೆ. ಇದು ಯಾಕೆ ಹೀಗೆ ಅಂತ ನನಗೂ ಗೊತ್ತಿಲ್ಲ."

"ಜಮೀನು ಪಾಳು ಬಿದ್ರೆ ಪಕ್ಕದವ ಬೇಲಿ ಸರಿಸ್ತಾನಲ್ಲ ಡಾಕ್ಟ್ರೇ" ಎಂದ ತಮ್ಮಯ್ಯ.

ಡಾಕ್ಟರು ಅವನ ಮುಖ ನೋಡಿದರು. ಆ ಮಾತನ್ನೂ ಬರೆದುಕೊಂಡರು.

ನೇರಳೆ ಗೆರೆಗಳು ವಾರವಾದರೂ ಹೋಗಲಿಲ್ಲ. "ಮುಖಾನ ಸರ್ವೆ ಮಾಡಿಸ್ಕೊಂಡು ಕೂತಿದ್ದಾರೆ" ಎಂದು ಭಾಗಮ್ಮ ಬಾವಿಕಟ್ಟೆಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದಳು. "ಇನ್ನು ಶಾನುಭೋಗರು ಬಂದು ಕಂದಾಯ ಕೇಳೋದೊಂದು ಬಾಕಿ."

*

ಲೈನ್ ಮನೆಯ ಅಂಗಳದಲ್ಲಿ ಭಾಗಮ್ಮ ತಮ್ಮಯ್ಯನ ಮುಖ ನೋಡಲಿಲ್ಲ, ಕೈ ನೋಡಿದಳು. ಉಗುರ ತುಂಬ ಮಣ್ಣು.

"ಸಿಗ್ಲಿಲ್ವಾ?"

"ಇಲ್ಲ ಅಕ್ಕ."

"ಎಷ್ಟು ಮರ ಆಯ್ತು?"

"ನಾಲ್ಕು."

"ಇನ್ನು ಮೂವತ್ತಾರು" ಎಂದಳು ಭಾಗಮ್ಮ. ಗೂಟದ ಕತೆ ಇವಳಿಗೆ ಮೊದಲೇ ಗೊತ್ತಿತ್ತೆಂದು ತಮ್ಮಯ್ಯನಿಗೆ ಆಗ ತಿಳಿಯಿತು. "ಅವ್ರಿಗೂ ಗೊತ್ತಿತ್ತು. ನೀನಾಗಿ ಹೇಳ್ಲಿ ಅಂತ ಸುಮ್ನಿದ್ರು. ಕೈ ತೊಳ್ಕೊ, ಹೊತ್ತಾಯ್ತು."

ತಮ್ಮಯ್ಯ ಬಟ್ಟಲಿಗೆ ನೀರು ಬಗ್ಗಿಸಿಕೊಂಡು ಹೆಣದ ಬಲಕ್ಕೆ ಕುಳಿತ. ಬಾಯಿ ತೆರೆದುಕೊಳ್ಳದಂತೆ ದವಡೆಯಿಂದ ನೆತ್ತಿಗೆ ಕಟ್ಟಿದ್ದ ಬಟ್ಟೆಯನ್ನು ಸಡಿಲಿಸಿದ. ಸೋಪಿಗೆ ಮೊದಲು ಅವನ ಒದ್ದೆ ಬೆರಳುಗಳು ತಾವಾಗಿಯೇ ದವಡೆಯ ತುದಿಯಿಂದ ಮೇಲಕ್ಕೆ ಸವರಿದವು. ಕೆನ್ನೆ ತಣ್ಣಗಿತ್ತು. ಅಭ್ಯಾಸಬಲದಿಂದ ಅವನು ಆ ಒಂದು ಮಾತಿಗೆ ಕಾದ.

"ಬಿಚ್ತಾ?" ಎಂದು ಭಾಗಮ್ಮ ಮೆಲ್ಲಗೆ ಕೇಳಿದಳು.

"ಬಿಚ್ಚಿರಬೇಕು ಅಕ್ಕ."

ಕ್ಷೌರ ಮುಗಿಯಿತು. ದವಡೆಗೆ ಮತ್ತೆ ಬಟ್ಟೆ ಕಟ್ಟಿದ್ದಾಯಿತು, ಮೀಯಿಸಿದ್ದಾಯಿತು. ನಿಂತು ಶಾಸ್ತ್ರ ಮಾಡಿಸುತ್ತಿದ್ದ ಹಿರಿಯ ಗುರುವಯ್ಯ ಕಾಲಿನ ಎರಡು ಹೆಬ್ಬೆರಳನ್ನೂ ಸೇರಿಸಿ ದಾರ ಕಟ್ಟಿದ. ಕೈಯ ಹೆಬ್ಬೆರಳಿಗೆ ಬಂದವನು ನಿಂತುಬಿಟ್ಟ.

"ಎರಡೂ ಸೇರಿಸಿ ಕಟ್ಟಬೇಕು. ಇದನ್ನ ಯಾವುದಕ್ಕೆ ಕಟ್ಲಿ?"

"ಮೊಂಡಿಗೇ ಕಟ್ಟಿ" ಎಂದ ರುದ್ರಪ್ಪ.

"ಮೊಂಡಿಗೆ ಹೆಬ್ಬೆರಳುಂಟಾ ರೈಟ್ರೇ?"

"ಅಕ್ಕಿಹಿಟ್ಟಲ್ಲಿ ಒಂದು ಕೈ ಮಾಡಿ ಇಟ್ರೆ ಆಗ್ತದೆ" ಎಂದು ಹಿಂದಿನಿಂದ ಯಾರೋ ಹೇಳಿದರು.

"ದಾರಿಯಲ್ಲೇ ಇರುವೆ ಮುತ್ತಿ ತಿಂದು ಮುಗಿಸ್ತವೆ" ಎಂದ ಗುರುವಯ್ಯ.

ಭಾಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ತಮ್ಮಯ್ಯ, ಎಲ್ಲುಂಟು ಅಂತ ನಿಂಗೆ ಗೊತ್ತಲ್ಲ. ನೀನೇ ಕಟ್ಟು."

ತಮ್ಮಯ್ಯ ದಾರ ಈಸಿಕೊಂಡ. ಒಂದು ತುದಿಯನ್ನು ಎದೆಯ ಮೇಲಿದ್ದ ಎಡಗೈಯ ಹೆಬ್ಬೆರಳಿಗೆ ಕಟ್ಟಿದ. ಇನ್ನೊಂದು ತುದಿಯನ್ನು ಬಲಗೆನ್ನೆಯವರೆಗೆ ಒಯ್ದು, ಎಲುಬಿನ ಕೆಳಗೆ ಬೆರಳಿಟ್ಟು ನೋಡಿ, ಸರಿಯಾಗಿ ಅದೇ ಜಾಗದಲ್ಲಿ ದವಡೆಯ ಬಟ್ಟೆಗೆ ಗಂಟು ಹಾಕಿದ.

"ಇದೆಂಥ ಶಾಸ್ತ್ರ?" ಎಂದ ಗುರುವಯ್ಯ.

"ಅವರ ಹೆಬ್ಬೆರಳು ಅಲ್ಲೇ ಇರೋದು" ಎಂದಳು ಭಾಗಮ್ಮ. "ಇಷ್ಟು ವರ್ಷ ನಾನು ಅದನ್ನ ಅಲ್ಲೇ ಸವರಿದ್ದು."

ಗುರುವಯ್ಯ ಬಗ್ಗಿ ಗಂಟು ಹಿಡಿದು ನೋಡಿದ.

"ಸಡಿಲ ಆಯ್ತು. ಇನ್ನೊಂದು ಸುತ್ತು ಹಾಕು."

ಚಟ್ಟ ಹಾಲವಾಣದ ಸಾಲಿನ ಪಕ್ಕದಲ್ಲೇ ಹಳ್ಳದ ಕಡೆಗೆ ಇಳಿಯಿತು. ನಾಲ್ಕು ಮರದ ಬುಡದಲ್ಲಿ ಕೆಂಪು ಮಣ್ಣು ಬಾಯಿ ಬಿಟ್ಟುಕೊಂಡಿತ್ತು. ಹೊತ್ತವರ ಹೆಜ್ಜೆ ತಪ್ಪಿದಾಗಲೆಲ್ಲ ದಾರ ಬಿಗಿಯುತ್ತಿತ್ತು, ಭೂತಯ್ಯನ ಎಡಗೈ ಕೆನ್ನೆಯ ಕಡೆಗೆ ಒಂದಿಷ್ಟು ಸರಿಯುತ್ತಿತ್ತು.

ಮಧ್ಯಾಹ್ನದೊಳಗೆ ಅವನನ್ನು ಹಳ್ಳದ ಆಚೆ ಮಣ್ಣು ಮಾಡಿದರು. ಬಲಗೈ ಈಚೆಗೇ ಉಳಿಯಿತು. ತಮ್ಮಯ್ಯ ಕೊಟ್ಟ ಮಾತು ನಡೆಯಲಿಲ್ಲ.