ಉಪ್ಪು ನೋಡುವವರು

ಮಧ್ಯಾಹ್ನ ರೋಗಿಗಳ ಸಾಲು ಕರಗಿದ ಮೇಲೆ, ಒಗೆದು ಒಣಗಿಸಿದ ಬ್ಯಾಂಡೇಜುಗಳನ್ನು ತೊಡೆಯ ಮೇಲಿಟ್ಟುಕೊಂಡು ಸುರುಳಿ ಸುತ್ತುವುದು ನನ್ನ ಕೆಲಸವಾಗಿತ್ತು. ಸುತ್ತುತ್ತ ಸುತ್ತುತ್ತ ಎಷ್ಟೋ ಸಲ ಕೂತಲ್ಲೇ ತೂಕಡಿಸಿದ್ದೇನೆ. ಮೂವತ್ತು ವರ್ಷ ಊರಿನ ಸಣ್ಣ ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟಿದವಳು ನಾನು. ಈಗಲೂ ಬಿಳಿ ಬಟ್ಟೆಯ ಸುರುಳಿ ಕಂಡರೆ ಮೊದಲು ಮೊಣಕಾಲು ನೋಯುತ್ತದೆ, ಆಮೇಲೆ ಚಿಕ್ಕತಾಯಮ್ಮ ನೆನಪಾಗುತ್ತಾರೆ.

ಹಪ್ಪಳ ಮಾಡಿ ಮಾರುತ್ತಿದ್ದ ಅಕ್ಕತಂಗಿಯರಲ್ಲಿ ಅವರು ಕಿರಿಯವರು. ಅಕ್ಕ ತೀರಿಕೊಂಡು ಆರು ತಿಂಗಳಾಗಿತ್ತು. ಎಡಗಾಲಿನ ಹುಣ್ಣು ತೋರಿಸಲು ಬಂದವರು ಮೂರು ತಿಂಗಳಾದರೂ ದಿನಾ ಬರುತ್ತಲೇ ಇದ್ದರು. ಅಂಟಿಕೊಂಡ ಪಟ್ಟಿ ಬಿಡಿಸುವಾಗ ನೋವು ತಿಳಿಯದಿರಲೆಂದು ನಾನು ಎಲ್ಲರನ್ನೂ ಮಾತಿಗೆಳೆಯುತ್ತಿದ್ದೆ. ಹೆಂಗಸರಿಗೆ ನನ್ನದು ಒಂದೇ ಪ್ರಶ್ನೆ.

“ಇವತ್ತು ಏನು ಸಾರು, ಚಿಕ್ಕತಾಯಮ್ನೋರೇ?”

“ಹುರುಳಿಕಾಳು ಬಸ್ಸಾರು ಸಿಸ್ಟರಮ್ಮ. ಬೆಳ್ಳುಳ್ಳಿ ಒಗ್ಗರಣೆ ಬೀದಿಗೆಲ್ಲ ಘಮಾ ಅಂತಿತ್ತು.”

ಮರುದಿನ ಉಪ್ಪೆಸರು, ಅದರ ಮರುದಿನ ಮಸ್ಸೊಪ್ಪು. ಬೆಳಗಿನ ತಣ್ಣನೆಯ ಚಿತ್ರಾನ್ನ ಕಟ್ಟಿಕೊಂಡು ಬರುತ್ತಿದ್ದ ನನಗೆ ಕೇಳಿಯೇ ಬಾಯಲ್ಲಿ ನೀರೂರುತ್ತಿತ್ತು. ಹುಣ್ಣು ಮಾತ್ರ ಮಾಯಲೊಲ್ಲದು.

“ಸಕ್ಕರೆ ಕಾಯಿಲೆ ಇಲ್ಲ, ಔಷಧಿ ಸರಿಯಾಗಿದೆ. ಹೀಗೇ ಕೊಳೀತಾ ಹೋದ್ರೆ ಪಾದ ತೆಗೀಬೇಕಾಗುತ್ತೆ ಅಷ್ಟೇ” ಎಂದು ಡಾಕ್ಟರು ನನ್ನ ಮೇಲೆ ರೇಗಿದರು. ಆ ಸಿಟ್ಟನ್ನು ನಾನು ಆಕೆಯ ಮೇಲೆ ತೀರಿಸಿಕೊಂಡೆ. “ಏನಮ್ಮಾ ಮಾಡ್ಕೋತೀರಿ ಮನೇಲಿ? ಕಾಲು ಹೋಗುತ್ತೆ, ಗೊತ್ತಾ?” ಆಕೆ ತಲೆ ತಗ್ಗಿಸಿ, ಸೀರೆಯ ನೆರಿಗೆಯನ್ನು ಪಟ್ಟಿಯ ಮೇಲೆಳೆದುಕೊಂಡರು. ಡಾಕ್ಟರಿಗೆ ಏನು ಅನುಮಾನ ಬಂತೋ, ಆಕೆಯನ್ನು ಶಾಹಿದಾ ಬಳಿಗೆ ಕಳಿಸಿದರು.

ಶಾಹಿದಾ ಮನಸ್ಸಿನ ಕಷ್ಟ ಕೇಳಲೆಂದೇ ಹೊಸದಾಗಿ ನೇಮಕವಾಗಿದ್ದ ಹುಡುಗಿ. ಜಗುಲಿಯ ಕೊನೆಯಲ್ಲಿ ಅವಳಿಗೊಂದು ಕೋಣೆ, ಬಾಗಿಲ ಮೇಲೆ ‘ಮಾನಸಿಕ ರೋಗ ವಿಭಾಗ’ ಎಂಬ ಬೋರ್ಡು. ಅದನ್ನು ಬರೆಸಿದ ಪುಣ್ಯಾತ್ಮ ಯಾರೋ, ಆ ಬಾಗಿಲಿಗೆ ಬೇರೆ ಬೀಗವೇ ಬೇಕಿರಲಿಲ್ಲ. ಚಿಕ್ಕತಾಯಮ್ಮ ಒಳಗೆ ಹೋಗಿ ಐದೇ ನಿಮಿಷಕ್ಕೆ ಹೊರಗೆ ಬಂದರು. ಔಷಧಿಯ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ದುಃಖವಿದೆಯೇ, ನಿದ್ದೆಯ ತೊಂದರೆಯಿದೆಯೇ ಎಂದು ಶಾಹಿದಾಳ ಕಾಗದದಲ್ಲಿದ್ದ ಪ್ರಶ್ನೆಗಳಿಗೆಲ್ಲ ಆಕೆ ‘ಇಲ್ಲ’ ಎಂದಿದ್ದರು. ಮರುದಿನ ಪಟ್ಟಿ ಕಟ್ಟಿಸಿಕೊಳ್ಳಲು ಬರಲಿಲ್ಲ. ನಾಲ್ಕು ದಿನ ಬರಲಿಲ್ಲ.

ಐದನೆಯ ದಿನ ಸಂಜೆ ಅವರ ಮನೆ ಹುಡುಕಿಕೊಂಡು ಹೋದೆ. ಪ್ರೀತಿಯಿಂದ ಹೋದೆನೆಂದರೆ ಸುಳ್ಳಾದೀತು. ಕಾಲು ಹೋದ ಪಾಪ ನನ್ನ ತಲೆಗೆ ಬೇಡವೆಂದು, ದಿನವೆಲ್ಲ ನಿಂತು ಊದಿದ ನನ್ನ ಪಾದ ಎಳೆದುಕೊಂಡು ಹೋದೆ. ಬಾಗಿಲು ತೆರೆದೇ ಇತ್ತು. ಆಕೆ ಅಡುಗೆಮನೆಯ ಗೋಡೆಗೊರಗಿ ಕೂತಿದ್ದರು, ಪಕ್ಕದಲ್ಲಿ ಕಡ್ಲೆಪುರಿಯ ಪೊಟ್ಟಣ. ಒಲೆಯಲ್ಲಿ ಬೆಕ್ಕು ಮಲಗಿತ್ತು.

ಕಾಲಿಗೆ ಪಟ್ಟಿ ಇರಲಿಲ್ಲ. ಬಾಯಿ ತೆರೆದಿದ್ದ ಹಪ್ಪಳದ ಡಬ್ಬಿಯ ತುಂಬ ನಾನು ಕಟ್ಟಿದ್ದ ಬ್ಯಾಂಡೇಜುಗಳು. ಒಗೆದು, ನನಗಿಂತ ಅಚ್ಚುಕಟ್ಟಾಗಿ ಸುರುಳಿ ಸುತ್ತಿಟ್ಟಿದ್ದರು.

“ಬಿಚ್ಚಿಬಿಡ್ತಿದ್ರಾ?”

“ಮನೆಗೆ ಬಂದ ತಕ್ಷಣ. ಆಸ್ಪತ್ರೆಗೆ ಬರೋವಾಗ ಮತ್ತೆ ಸುತ್ಕೋತಿದ್ದೆ, ನೀವು ಬಿಡಿಸಿದ್ದನ್ನ ಒಗೀತೀನಿ ಅಂತ ಇಸ್ಕೊಂಡು ಬರ್ತಿದ್ದೆ.”

“ಯಾಕಮ್ಮಾ?”

“ವಾಸಿಯಾದ್ರೆ ಇನ್ನು ಬರಬೇಡಿ ಅಂತೀರಲ್ಲ ಸಿಸ್ಟರಮ್ಮ. ಆಮೇಲೆ ಏನು ಸಾರು ಅಂತ ನನ್ನ ಯಾರು ಕೇಳ್ತಾರೆ?”

“ದಿನಾ ನನಗೆ ಹೇಳ್ತಿದ್ದ ಆ ಸಾರನ್ನಾದ್ರೂ ಮಾಡ್ಕೊಂಡು ಉಣ್ಣಬಾರ್ದಾ?”

“ಉಪ್ಪು ನೋಡೋಳು ಅಕ್ಕ. ನಲವತ್ತು ವರ್ಷ ಅವಳೇ ನೋಡಿದ್ದು. ನನಗೆ ಹದ ತಿಳಿಯಾಕಿಲ್ಲ.”

ನನಗೆ ನಾಚಿಕೆಯಾಯಿತು. ಮೂರು ತಿಂಗಳು ದಿನಾ ಕೇಳಿದವಳು ನಾನು. ಒಂದು ದಿನವೂ ಆಕೆಯ ಮುಖ ನೋಡಿ ಕೇಳಿರಲಿಲ್ಲ, ಪಟ್ಟಿ ನೋಡಿ ಕೇಳಿದ್ದೆ. ಅಲ್ಲೇ ಕೂತು, ಡಬ್ಬಿಯಿಂದ ಒಂದು ಸುರುಳಿ ತೆಗೆದು ಕಾಲಿಗೆ ಕಟ್ಟಿದೆ.

“ಇದನ್ನ ಶಾಹಿದಾಗೆ ಹೇಳ್ಲಾ?”

“ಹೇಳಿ. ಆ ಕೋಣೆಗೆ ಮಾತ್ರ ಬರಾಕಿಲ್ಲ. ಹುಚ್ಚಿ ಅಂದ್ರೆ ನನ್ನ ಹಪ್ಪಳ ಯಾರು ತಗೋತಾರೆ?”

ಮರುದಿನ ಎಲ್ಲ ಕೇಳಿಸಿಕೊಂಡ ಶಾಹಿದಾ ತನ್ನ ಪ್ರಶ್ನೆಗಳ ಕಾಗದವನ್ನು ಮಡಿಚಿದಳು. ಆಮೇಲೆ ಅದನ್ನು ಮೇಜಿನ ಖಾನೆಗೆ ಹಾಕಿ, “ಪಟ್ಟಿ ಕಟ್ಟೋದು ನನಗೂ ಕಲಿಸ್ತೀರಾ ಸಿಸ್ಟರ್?” ಎಂದಳು.

ಚಿಕ್ಕತಾಯಮ್ಮ ಮತ್ತೆ ದಿನಾ ಬರತೊಡಗಿದರು, ಅವಳು ನನ್ನ ಕೋಣೆಯ ಸ್ಟೂಲಿನ ಮೇಲೆ ಬಂದು ಕೂತಳು. ಮೊದಲ ವಾರ ಕಟ್ಟಿದ್ದೆಲ್ಲ ಸೊಟ್ಟ. “ಬಿಗಿ ಸಾಲ್ದು ಕಣವ್ವ” ಎಂದು ಚಿಕ್ಕತಾಯಮ್ಮನೇ ತಿದ್ದಿದರು. ಕಟ್ಟಿ, ಬಿಚ್ಚಿ, ಮತ್ತೆ ಕಟ್ಟುವಷ್ಟರಲ್ಲಿ ಅಕ್ಕನ ಮಾತು ಬಂತು. ನಿದ್ದೆ ಬರದ ರಾತ್ರಿಗಳ ಮಾತೂ ಬಂತು. ಒಂದು ದಿನ ಆಕೆ ಬಿಕ್ಕಿ ಬಿಕ್ಕಿ ಅತ್ತಾಗ, ಹುಣ್ಣು ನೋಯುತ್ತಿದೆ ಪಾಪ ಎಂದು ಹೊರಗಿನ ಸಾಲು ಮರುಗಿತು. ನಾವು ಯಾರೂ ಅಲ್ಲವೆನ್ನಲಿಲ್ಲ.

ಎರಡು ತಿಂಗಳಿಗೆ ಹುಣ್ಣು ಮಾಯಿತು. ‘ಇನ್ನು ಬರುವುದು ಬೇಡ’ ಎಂದು ಬರೆಯಲು ಡಾಕ್ಟರು ಪೆನ್ನು ತೆಗೆದರು. ನಾನು ಅಡ್ಡ ಬಂದೆ.

“ವಾರಕ್ಕೊಂದ್ಸಲ ನೋಡ್ಬೇಕು ಸಾರ್.”

“ಏನನ್ನ ನೋಡ್ತೀರಿ? ಚರ್ಮ ಬಂದಿದೆಯಲ್ಲ!”

“ನೋಡ್ಬೇಕು ಸಾರ್.”

ವಾದ ಮಾಡುವ ತ್ರಾಣ ಅವರಿಗೂ ಇರಲಿಲ್ಲ. ಬರೆದುಕೊಟ್ಟರು. ಗುಣವಾದ ಕಾಲಿಗೂ ಹೆಸರಿಗೊಂದು ಪಟ್ಟಿ ಕಟ್ಟಿ ಕಳಿಸುತ್ತಿದ್ದೆವು.

ಹೀಗೇ ಒಂದು ಗುರುವಾರ. ನಿಂತು ನಿಂತು ಸೋತಿದ್ದ ನಾನು ಏನು ಸಾರೆಂದು ಕೇಳುವುದನ್ನೇ ಮರೆತಿದ್ದೆ.

“ಇವತ್ತು ಕೇಳಾಕಿಲ್ವಾ?” ಎಂದು ಚಿಕ್ಕತಾಯಮ್ಮ ಸೆರಗಿನ ಮರೆಯಿಂದ ಒಂದು ಡಬ್ಬಿ ತೆಗೆದರು. “ಬರೀ ತಿಳಿಸಾರು. ಉಪ್ಪು ನೋಡಿ ಹೇಳಿ.”

ಅಂಗೈಗೆ ಹಾಕಿಸಿಕೊಂಡು ನೆಕ್ಕಿದೆ. ಉಪ್ಪೆಂದರೆ ಉಪ್ಪು. ಶಾಹಿದಾಳೂ ನೆಕ್ಕಿ ನನ್ನ ಮುಖ ನೋಡಿದಳು. ಬಾಯಲ್ಲೇ ಮಾಡಿದ ಸಾರುಗಳಲ್ಲಿ ಒಂದು ದಿನವೂ ಉಪ್ಪು ಹೆಚ್ಚಾಗಿರಲಿಲ್ಲ.

“ಜಾಸ್ತಿಯಾಗಿದೆ ಚಿಕ್ಕತಾಯಮ್ನೋರೇ.”

“ಅಕ್ಕನೂ ಹಿಂಗೇ ಮುಖ ಹಿಂಡೋಳು” ಎಂದು ಆಕೆ ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು, “ನಾಳೆ ಕಮ್ಮಿ ಹಾಕ್ತೀನಿ” ಎಂದರು.

ಆಮೇಲೆ ಸ್ಟೂಲಿನ ಮೇಲೆ ಕಾಲಿಟ್ಟು, ಪಟ್ಟಿಯನ್ನು ತಾವೇ ಬಿಚ್ಚಿ, ಅಚ್ಚುಕಟ್ಟಾಗಿ ಸುರುಳಿ ಸುತ್ತಿ, ಸಾರಿನ ಪಸೆ ಆರಿರದ ನನ್ನ ಅಂಗೈಯಲ್ಲಿಟ್ಟರು. ಅದು ಇನ್ನೂ ಆಕೆಯ ಕಾಲಿನ ಬಿಸಿಯಲ್ಲಿತ್ತು.