ಖಾಲಿ ಬಿಟ್ಟ ಪೆಟ್ಟು

“ಎಕ್ಕಡ ಬಿಚ್ಚೇ, ಲೌಡಿ! ಇದೇನ್ ನಿಮ್ಮ ಕೋರಮಂಡಲ್ ಲೈನಾ?”

ಕೋದಂಡಪ್ಪ ಹಾಲಿನ ಸೊಸೈಟಿಗೆ ಅಧ್ಯಕ್ಷನಾಗಿ ಇನ್ನೂ ಒಂದು ದಿನ ಕಳೆದಿರಲಿಲ್ಲ, ಬಾಯಿ ಮಾತ್ರ ಆಗಲೇ ಮಂತ್ರಿಯದಾಗಿತ್ತು. ಬಂಗಾರಪೇಟೆ ಪಕ್ಕದ ಆ ಊರಿನ ಮೇಲಿನ ಬೀದಿಯಲ್ಲಿ ತಮಟೆಯವರು ಚಪ್ಪಲಿ ಮೆಟ್ಟಿ ನಡೆಯುವಂತಿಲ್ಲ. ಅವನ ಮೆರವಣಿಗೆಗೆ ಬಾರಿಸಲು ಕೋರಮಂಡಲ್ ಲೈನಿನಿಂದ, ಚಿನ್ನದ ಗಣಿಯ ಕೂಲಿಗಳ ಆ ಸಾಲುಮನೆಗಳಿಂದ, ಬಂದಿದ್ದ ಇಂದ್ರಾಣಿಗೆ ಮೈಯೆಲ್ಲ ಉರಿಯಿತು. ಆದರೆ ಅವಳೂ ಅವಳ ಮೇಳದ ಮೂವರು ಹೆಂಗಸರೂ ಮಣ್ಣು ತುಳಿಯುವುದು ಇದೇ ಕೋದಂಡಪ್ಪನ ಇಟ್ಟಿಗೆ ಗೂಡಿನಲ್ಲಿ. ಬಾರಿಸುವುದಿಲ್ಲ ಎಂದರೆ ನಾಳೆಯ ಕೂಲಿಗೆ ಕಲ್ಲು ಬೀಳುತ್ತದೆ. ನಾಲ್ವರೂ ಚಪ್ಪಲಿ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಮಧ್ಯಾಹ್ನದ ಡಾಂಬರು ಅಂಗಾಲು ಸುಟ್ಟಿತು.

ಹುಲ್ಲಿನ ಬೆಂಕಿಯಲ್ಲಿ ತಮಟೆ ಕಾಯಿಸುತ್ತಿದ್ದ ತಮ್ಮ ಸೆಲ್ವರಾಜ್ ಕಿವಿಯ ಹತ್ತಿರ ಬಂದ. “ಅಕ್ಕಾ, ಜಮೈಕಾ ಬಿಡಾಣ್ವಾ?”

ಅವನು ಫೋನಿನಲ್ಲಿ ಮೊದಲ ಸಲ ಜಮೈಕಾದ ರೆಗ್ಗೇ ಹಾಡು ಕೇಳಿಸಿದ ದಿನ ಇಂದ್ರಾಣಿ ಕೇಳಿದ್ದಳು, “ಎಲ್ಲೈತೋ ಆ ಊರು?”

“ನಮ್ ಮಾರಿಕುಪ್ಪಂ ಟ್ರೈನು ಅಲ್ಗಂಟ ಓಗಲ್ಲ ಕಣಕ್ಕಾ. ಸಮುದ್ರದ ನಡೂಮಧ್ಯ. ಅವ್ರ ತಾತನ ತಾತಂದಿರ್ನ ಸರಪಳಿ ಆಕಿ ಕಬ್ಬು ಕಡಿಯಕ್ಕೆ ತಂದಿದ್ರಂತೆ. ಮೊಮ್ಮಕ್ಳೂ ತಗಡಿನ ಗುಡಿಸ್ಲಾಗೇ ಇದ್ರು. ರೇಡಿಯೋದೋರು ಮೂಸಿ ನೋಡ್ಲಿಲ್ಲ. ಬೀದಿನಾಗೆ ಆಳೆತ್ತರ ಸ್ಪೀಕರ್ ಪೇರಿಸಿ ಅವ್ರ ಮ್ಯೂಸಿಕ್ನ ಅವ್ರೇ ಆಕ್ಕೊಂಡ್ರು.”

“ಅಲ್ಲೂ ಕೋದಂಡಪ್ಪ ಅವ್ನಾ?”

“ಇಲ್ದೆ ಇರ್ತಾನಾ? ಅಲ್ಲಿ ಕುದ್ರೆ ಮೇಲೆ ಬತ್ತಿದ್ನಂತೆ.”

ಅವಳ ಮನಸ್ಸು ಹಿಡಿದದ್ದು ಅದರ ನಡೆ. ನಾಲ್ಕರಲ್ಲಿ ಮೊದಲ ಪೆಟ್ಟೇ ಇಲ್ಲ! ಆ ಜಾಗ ಖಾಲಿ. ಆಮೇಲೆ ಗಿಟಾರು ‘ಚಕ್’, ಡ್ರಮ್ಮು ‘ಧಂ’, ಮತ್ತೆ ‘ಚಕ್’. ಎತ್ತಿದ ಕಾಲು ನೆಲಕ್ಕಾಗಿ ತಡಕಾಡಬೇಕು. ಲೈನಿನ ಹಿಂದೆ ಗಣಿಯವರು ಸುರಿದ ಸಯನೈಡ್ ಮಣ್ಣಿನ ದಿಬ್ಬದ ಮೇಲೆ ಕೂತು, ನಾಲ್ವರೂ ಹೊಟ್ಟೆ ಹುಣ್ಣಾಗುವಂತೆ ನಗುತ್ತ ಅದನ್ನು ತಮಟೆಗೆ ತಂದಿದ್ದರು.

ಮೆರವಣಿಗೆ ಹೊರಟಿತು. ಕೋದಂಡಪ್ಪನ ಇಬ್ಬರು ಅಳಿಯಂದಿರು ಮಾವನನ್ನು ಹೆಗಲಿಗೇರಿಸಿಕೊಂಡು ತಮಟೆಗೆ ತಕ್ಕಂತೆ ಹೆಜ್ಜೆ ಹಾಕಿದರು. ತಲೆಗೆ ಪೇಟ, ಕೊರಳಿಗೆ ಸೇಬಿನ ಹಾರ. ಸ್ವಲ್ಪ ದೂರ ಎಂದಿನ ಪೆಟ್ಟು ಬಾರಿಸಿ ಇಂದ್ರಾಣಿ ಕಣ್ಣು ಹೊಡೆದಳು.

ಚಕ್, ಧಂ, ಚಕ್.

ಖಾಲಿ ಜಾಗಕ್ಕೆ ಹಿರಿಯಳಿಯ ಕಾಲಿಟ್ಟ, ಕಿರಿಯಳಿಯ ಪೆಟ್ಟಿಗೆ ಕಾದ. ಮಾವ ವಾಲಿದ, ಪೇಟ ಮೂಗಿಗಿಳಿಯಿತು. ಮತ್ತೆ ಖಾಲಿ, ಮತ್ತೆ ಚಕ್, ಧಂ, ಚಕ್. ಈ ಸಲ ಹಿರಿಯವನು ಕಾದ, ಕಿರಿಯವನು ಇಟ್ಟ. ಮನೆ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದಿದ್ದ ಕೋದಂಡಪ್ಪನ ಹೆಂಡತಿ ರಾಧಾಮಣಿಯೇ ಸೆರಗು ಬಾಯಿಗೆ ತುರುಕಿಕೊಂಡಳು. ನೋಡನೋಡುತ್ತಲೇ ಅಧ್ಯಕ್ಷರು ಸೇಬಿನ ಸಮೇತ ಚರಂಡಿಯ ಪಕ್ಕ ಕೂತಿದ್ದರು.

“ಬೋಸುಡಿ ಮುಂಡೇರಾ! ಒಂದ್ ಪೆಟ್ಟು ಎಲ್ರೇ ನುಂಗಿದ್ರಿ? ಸರ್ಯಾಗಿ ಬಾರ್ಸ್ರೇ! ನಾಳೆ ಗೂಡ್‌ತಾವ ಬರ್ರಿ, ಐತೆ ನಿಮ್ಗೆ!”

ಬೀದಿಯ ನಗು ನಿಂತಿತು. ಇಂದ್ರಾಣಿಗೆ ಹೆದರಿಕೆಯಾಯಿತು, ನಿಜ. ಕೂಲಿ ಹೋಯಿತೆಂದು ಆಗಲೇ ಗೊತ್ತಾಗಿತ್ತು. ಹೋದ ಮೇಲೆ ಅಂಗಾಲು ಯಾಕೆ ಸುಟ್ಟುಕೊಳ್ಳಬೇಕು? ಅವಳು ಸೊಂಟದ ಚಪ್ಪಲಿ ಎಳೆದು ನೆಲಕ್ಕೆ ಹಾಕಿ, ನಿಧಾನವಾಗಿ ಮೆಟ್ಟಿದಳು. ಉಳಿದ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೆಟ್ಟಿದರು.

“ಎಲ್ಲೂ ಓಗಿಲ್ಲ ಅಧ್ಯಕ್ಷರೇ. ಈಗ ಆಕ್ತೀವಿ, ಕೇಳ್ಸ್ಕಳಿ.”

ನಾಲ್ಕು ಎಕ್ಕಡಗಳು ಒಟ್ಟಿಗೇ ಮೇಲಿನ ಬೀದಿಗೆ ಅಪ್ಪಳಿಸಿದವು.

ಟಪ್! ಚಕ್, ಧಂ, ಚಕ್.

ಟಪ್!