ಲಿಫ್ಟಮ್ಮನ ದೊಡ್ಡ ಕಾರು

ಸಲಾಮು, ಅದೂ ಎಂಥ ಸಲಾಮು, ಅಂಗೈ ಹಣೆಗೆ ಬಡಿದದ್ದು ಗಾಜು ಏರಿಸಿದ ಕಾರಿನೊಳಗೂ ಕೇಳಿಸಿದ ಹಾಗಾಯಿತು, ಹಾರ್ನ್ ಹೊಡೆಯುವ ಮೊದಲೇ ಗೇಟು ಹಾರುಹೊಡೆದಿದೆ, ವಾಚ್‌ಮನ್ ಮುಂದೆ ಮುಂದೆ ಓಡುತ್ತಾ ಬನ್ನಿ ಬನ್ನಿ, ಸ್ವಲ್ಪ ಲೆಫ್ಟು, ಇನ್ನೂ ಲೆಫ್ಟು, ಸಾಕು ಮೇಡಂ — ಅದೇ ಮೀಸೆ, ಅದೇ ಮಹಾರಾಯ, ಹೋದ ವರ್ಷ ಇದೇ ತಿಂಗಳು ಅವಳ ಹಳೇ ಡಬ್ಬಾ ಕಾರಿನ ಬಾನೆಟ್ ಮೇಲೆ ಟಪಟಪ ತಟ್ಟಿ, ಆಚೆ ಹಾಕಮ್ಮ ಆಚೆ, ಟ್ಯೂಷನ್ ಟೀಚರ್‌ಗಳೆಲ್ಲ ರಸ್ತೆಯಲ್ಲೇ ನಿಲ್ಲಿಸೋದು ಅಂದವನು, ಆಗ ಅವಳು ಗುರುತಿನ ಚೀಟಿ ತೆಗೆದು ಅವನ ಮೂಗಿನ ಕೆಳಗೇ ಹಿಡಿದಿದ್ದಳು, ಓದಪ್ಪಾ, ಲಿಫ್ಟ್ ಇನ್‌ಸ್ಪೆಕ್ಟರ್ ಅಂತಿದೆ, ಸರ್ಕಾರದ ಸೀಲಿದೆ, ಆಮೇಲೆ ಒಳಗೆ ಬಿಟ್ಟ, ಕಾರನ್ನಲ್ಲ, ಅವಳನ್ನು ಮಾತ್ರ. ಈಗ ನೋಡು. ಇಳಿದು ಬಾಗಿಲು ಹಾಕಿದಳು, ಧಡ್ ಅನ್ನುವುದಿಲ್ಲ ಇದು, ಧಪ್ ಅನ್ನುತ್ತದೆ, ದಿಂಬಿಗೆ ಗುದ್ದಿದ ಹಾಗೆ, ಆ ಸದ್ದು ಕೇಳುವುದಕ್ಕೇ ಒಮ್ಮೊಮ್ಮೆ ಎರಡು ಸಲ ಹಾಕುತ್ತಾಳೆ, ಯಾರೂ ನೋಡದಿದ್ದಾಗ, ಐವತ್ನಾಲ್ಕು ವರ್ಷದ ಹೆಂಗಸು, ನಾಚಿಕೆಯಾಗಬೇಕು, ಆಗುವುದಿಲ್ಲ. ಕರಿ ಬಣ್ಣ, ಅಗಲ ಮೈ, ಮೆತ್ತನೆ ಸೀಟು, ಎಲ್ಲ ಸೋದರತ್ತೆಯ ಕೃಪೆ, ಹಲ್ಲಿನ ಡಾಕ್ಟರಾಗಿದ್ದ ಸೋದರತ್ತೆ, ಕತ್ತು ಹಿಂದಕ್ಕೆ ತಿರುಗಲ್ಲ ಕಣೇ, ರಿವರ್ಸ್ ತೆಗೆಯೋದೆಲ್ಲ ಅಂದಾಜಿನ ಮೇಲೆ, ಈಗಾಗ್ಲೇ ಮೂರು ಹೂಕುಂಡ ಹೋಯ್ತು, ತಗೊಂಡು ಹೋಗು, ಕಾಗದ ನಿನ್ನ ಹೆಸರಿಗೇ ಮಾಡಿಸಿದ್ದೀನಿ, ಎದುರು ಮಾತಾಡಬೇಡ ಅಂತ ಕೀ ತಂದು ಅವಳ ಮಡಿಲಿಗೆ ಎಸೆದರು, ನಾಲ್ಕು ತಿಂಗಳಾಯಿತು. ಆಫೀಸಲ್ಲಿ ಒಂದು ಮಾತು ಹೇಳಿಬಿಡು, ಅತ್ತೆ ಕೊಟ್ಟಿದ್ದು ಅಂತ, ಜನ ಏನೇನೋ ಅಂದ್ಕೋತಾರೆ ಎಂದರು ಮನೆಯವರು, ಪಾಪ, ಅವರಿಗೆ ಎಲ್ಲಕ್ಕೂ ಹೆದರಿಕೆ, ಯಾಕ್ರೀ ಹೇಳ್ಬೇಕು, ಇಪ್ಪತ್ತೆರಡು ವರ್ಷ ಡಬ್ಬಾದಲ್ಲಿ ಓಡಾಡಿದೆನಲ್ಲ, ಯಾಕಮ್ಮಾ ಡಬ್ಬಾ ಅಂತ ಒಬ್ಬರಾದ್ರೂ ಕೇಳಿದ್ರಾ, ನನ್ನ ಕೆಲಸ ಗೊತ್ತಿರೋರಿಗೆ ನಾನು ಗೊತ್ತು, ಗೊತ್ತಿಲ್ಲದೋರಿಗೆ ಸೋದರತ್ತೆ ಪುರಾಣ ಯಾಕೆ. ಆರು ವರ್ಷದಿಂದ ನಿಲ್ಲಿಸಿಯೇ ಮಾತಾಡುತ್ತಿದ್ದ ಸಾಹೇಬರು ಕಿಟಕಿಯಿಂದ ಕಾರು ನೋಡಿದ ದಿನ ತಾವೇ ಕುರ್ಚಿ ಎಳೆದುಕೊಟ್ಟರು, ಪಕ್ಕದ ಮೇಜಿನವನು ಪಾರ್ಟಿ ಯಾವಾಗ ಮೇಡಂ ಎಂದು ಕಣ್ಣು ಹೊಡೆದ, ಕಣ್ಣು ಯಾಕೆ ಹೊಡೆದ, ಹೊಡ್ಕೊಳ್ಳಲಿ ಬಿಡು, ಹೊಟ್ಟೆಕಿಚ್ಚು, ಮರ್ಯಾದೆ ಕೊನೆಗೂ ಬಂತು, ತಡವಾಗಿ ಬಂತು, ನಾಲ್ಕು ಚಕ್ರದ ಮೇಲೆ ಬಂತು, ಬಂತಲ್ಲ, ಸಾಕು.

ಮ್ಯಾನೇಜರ್ ಎರಡೆರಡು ಮೆಟ್ಟಿಲು ಹಾರಿಕೊಂಡು ಇಳಿದು ಬಂದ, ಹನ್ನೊಂದು ಮಹಡಿಯ ಕಟ್ಟಡ, ಅರವತ್ತಾರು ಮನೆ, ಎಲ್ಲ ಇವನ ಉಸ್ತುವಾರಿ, ಬನ್ನಿ ಮೇಡಂ, ಏಸಿ ಹಾಕಿಸಿದ್ದೀನಿ, ಕಾಫಿ ರೆಡಿ ಇದೆ, ಸರ್ಟಿಫಿಕೇಟೂ ಟೈಪ್ ಆಗಿ ಮೇಜಿನ ಮೇಲಿದೆ, ನೀವೊಂದು ಸೈನ್ ಹಾಕಿದ್ರೆ ಆಯ್ತು, ಅಷ್ಟು ಮೇಲೆ ಹತ್ತೋ ಕಷ್ಟ ಯಾಕೆ — ಆಹಾ, ಏನು ಕಾಳಜಿ, ಏನು ಕಥೆ — ಮೊದಲು ಲಿಫ್ಟು, ಆಮೇಲೆ ಕಾಫಿ ಎಂದಳು, ನಕ್ಕೊಂಡೇ ಎಂದಳು, ಅವನೂ ನಕ್ಕ, ಅವಳು ತಮಾಷೆ ಮಾಡುತ್ತಿದ್ದಾಳೆ ಅನ್ನುವ ಹಾಗೆ ನಕ್ಕ, ಅವಳು ಮೆಟ್ಟಿಲ ಕಡೆ ತಿರುಗಿದ ಮೇಲೂ ಸ್ವಲ್ಪ ಹೊತ್ತು ನಗುತ್ತಲೇ ಇದ್ದ. ಒಂದನೇ ಮಹಡಿ, ಎರಡನೇ ಮಹಡಿ, ಮಂಡಿ ಏನೋ ಗೊಣಗುತ್ತಿದೆ, ಗೊಣಗಲಿ, ಪರೀಕ್ಷೆ ಆಗದ ಲಿಫ್ಟಿಗೆ ಅವಳು ಕಾಲಿಡುವವಳಲ್ಲ, ಊರೆಲ್ಲ ಅವಳಿಗೆ ಲಿಫ್ಟಮ್ಮ ಅನ್ನುವುದು ಅದಕ್ಕೇ, ಲಿಫ್ಟ್ ಹತ್ತದ ಲಿಫ್ಟಮ್ಮ, ಮೇಲೆ ಮೋಟಾರ್ ಕೋಣೆಯಲ್ಲಿ ಮೇಷ್ಟ್ರು ಕಾಯುತ್ತಿರುತ್ತಾರೆ, ಮೇಷ್ಟ್ರು ಅಂದರೆ ಶಾಲೆ ಮೇಷ್ಟ್ರಲ್ಲ, ಲಿಫ್ಟ್ ಕಂಪನಿಯ ಮೆಕ್ಯಾನಿಕ್ಕು, ಆದರೆ ಅವಳಿಗೆ ಪಾಠ ಹೇಳಿದವರು ಅವರೇ ತಾನೇ, ಕೆಲಸಕ್ಕೆ ಸೇರಿದ ಹೊಸದರಲ್ಲಿ ನಿಯಮದ ಪುಸ್ತಕ ಎದೆಗವಚಿಕೊಂಡು ನಿಂತಿದ್ದವಳಿಗೆ, ಮೇಡಮ್ಮೋರೆ, ಪುಸ್ತಕ ಕೆಳಗಿಡಿ, ಒಂದು ಹತ್ತಿಬಟ್ಟೆ ತಗೊಳ್ಳಿ, ಉಕ್ಕಿನ ಹಗ್ಗಾನ ಬಟ್ಟೆಯೊಳಗೆ ಹಿಡಿದು ಮೆಲ್ಲಗೆ ಜಾರಿಸಿ, ಒಂದೇ ಒಂದು ಎಳೆ ತುಂಡಾಗಿದ್ರೂ ಬಟ್ಟೆ ಕಚ್ಚಿಕೊಳ್ಳತ್ತೆ, ಕಣ್ಣಿಗೆ ಕಾಣದ್ದು ಬಟ್ಟೆಗೆ ಕಾಣತ್ತೆ. ಅವತ್ತಿನಿಂದ ಮೇಷ್ಟ್ರು. ಇಪ್ಪತ್ತೆರಡು ವರ್ಷದಲ್ಲಿ ಒಂದು ಸುಳ್ಳು ಹೇಳಿದವರಲ್ಲ, ಈ ಬ್ರೇಕು ನಂಗೇ ಇಷ್ಟ ಆಗ್ತಿಲ್ಲ ಮೇಡಮ್ಮೋರೆ, ನೀವು ಬರೆದುಬಿಡಿ, ನೀವು ಬರೆದ್ರೆ ಕಂಪನಿಯೋರು ದುಡ್ಡು ಬಿಚ್ಚುತಾರೆ ಅಂತ ತಾವೇ ಬಾಯಿಬಿಟ್ಟು ಹೇಳುತ್ತಿದ್ದರು, ಲಿಫ್ಟಮ್ಮ ಬರ್ತಾಳಂತೆ ಅಂದರೆ ಹದಿನೈದು ದಿನ ಮೊದಲೇ ಹಗ್ಗ ಬದಲಾಗುತ್ತಿತ್ತು, ಡಬ್ಬಾ ಕಾರು ಬೀದಿ ತಿರುವಿನಲ್ಲಿ ಕೆಮ್ಮಿದರೆ ಸಾಕು, ಮ್ಯಾನೇಜರುಗಳಿಗೆ ಬೆವರು ಇಳಿಯುತ್ತಿತ್ತು, ಗೇಟಿನಲ್ಲಿ ಅವಮಾನ, ಮೋಟಾರ್ ಕೋಣೆಯಲ್ಲಿ ನಡುಕ, ಹಾಗಿತ್ತು ಲೆಕ್ಕ. ಆರನೇ ಮಹಡಿ. ಈ ನಾಲ್ಕು ತಿಂಗಳಲ್ಲಿ ಒಬ್ಬ ಸಿಹಿ ಡಬ್ಬಿ ತಂದ, ಇನ್ನೊಬ್ಬ ಕಾರಿಗೆ ಸೀಟ್ ಕವರ್ ಹಾಕಿಸ್ಲಾ ಮೇಡಂ, ನಮ್ಮವರದೇ ಅಂಗಡಿ ಅಂದ, ಇಬ್ಬರನ್ನೂ ಬಂದ ದಾರಿಗೆ ಕಳಿಸಿದಳು, ಹಿಂದೆ ಒಬ್ಬನೂ ಏನೂ ತರುತ್ತಿರಲಿಲ್ಲವಲ್ಲ ಅಂತ ಒಂದು ಕ್ಷಣ ಅನ್ನಿಸಿ — ಎಂಟನೇ ಮಹಡಿ, ಉಸಿರು, ಕಂಬಿ ಹಿಡಿದುಕೋ — ಅನ್ನಿಸಿದ್ದು ಹಾಗೇ ಜಾರಿಹೋಯಿತು.

ಬಿಸಿ ಧೂಳು, ಎಣ್ಣೆ ವಾಸನೆ, ಇದು ಅವಳ ರಾಜ್ಯ, ಇಲ್ಲಿ ಕಾಲಿಟ್ಟರೆ ಮಂಡಿ ನೋವೂ ಮರೆತುಹೋಗುತ್ತದೆ, ಮೇಷ್ಟ್ರು ಮೂಲೆಯಲ್ಲಿ ಖಾಲಿ ಡಬ್ಬದ ಮೇಲೆ ಕೂತು ಪೇಪರ್ ಓದುತ್ತಿದ್ದಾರೆ, ಸಾಮಾನಿನ ಪೆಟ್ಟಿಗೆಯ ಮುಚ್ಚಳವೇ ತೆಗೆದಿಲ್ಲ, ಅವಳನ್ನು ಕಂಡು ದಡಬಡ ಎದ್ದರು, ಅಯ್ಯೋ ಮೇಡಮ್ಮೋರೆ, ನೀವು ಹತ್ತಿಕೊಂಡು ಬಂದ್ರಾ, ಇದೆಂಥ ಪ್ರಶ್ನೆ, ಇಪ್ಪತ್ತೆರಡು ವರ್ಷದಿಂದ ಹಾರಿಕೊಂಡು ಬರುತ್ತಿದ್ದಳೇನು, ಮೋಟಾರ್ ನಿಲ್ಲಿಸಿ ಮೇಷ್ಟ್ರೇ, ಮೆಲ್ಲಗೆ ಕೈಯಲ್ಲಿ ತಿರುಗಿಸಿ, ಬಟ್ಟೆ ಕೊಡಿ, ಬಟ್ಟೆ ಇಲ್ಲವೇ, ಇರಲಿ, ನನ್ನ ಹತ್ತಿರ ಇದೆ. ಮೊದಲನೇ ಹಗ್ಗ, ತಣ್ಣಗೆ ಅಂಗೈಯೊಳಗೆ ಜಾರುತ್ತಿದೆ, ಒಂದು ಗೇಣು, ಎರಡು ಗೇಣು, ಕಚ್ಚಿತು. ಬಿಡಿಸಿದಳು. ಮತ್ತೆ ಅರ್ಧ ಗೇಣು, ಮತ್ತೆ ಕಚ್ಚಿತು. ಎರಡನೇ ಹಗ್ಗದಲ್ಲಿ ಬಟ್ಟೆ ಪರ್ರನೆ ಹರಿಯಿತು. ನಾಲ್ಕು ಹಗ್ಗ ಇರುತ್ತದೆ, ಒಂದು ಹೋದರೆ ಉಳಿದ ಮೂರು ಹಿಡಿದುಕೊಳ್ಳುತ್ತವೆ ಅನ್ನುವುದು ಪುಸ್ತಕದ ಮಾತು, ನಾಲ್ಕನ್ನೂ ಹಾಕಿದ್ದು ಒಂದೇ ದಿನ, ನಾಲ್ಕಕ್ಕೂ ಒಂದೇ ವಯಸ್ಸು, ಇವನ್ನು ಬದಲಾಯಿಸಿ ಅಂತ ಹೋದ ವರ್ಷವೇ ಬರೆದಿದ್ದೆನಲ್ಲ ಮೇಷ್ಟ್ರೇ, ಬರೆದಿದ್ರಿ, ಮತ್ತೆ ಯಾಕೆ ಬದಲಾಯಿಸಿಲ್ಲ, ಮೇಷ್ಟ್ರ ಮುಖದಲ್ಲಿ ಹೆದರಿಕೆ ಇಲ್ಲ, ಹೆದರಿಕೆ ಇದ್ದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು, ಅಲ್ಲಿದ್ದದ್ದು ಆಶ್ಚರ್ಯ, ಬರೀ ಆಶ್ಚರ್ಯ, ನೀವು ಈ ಸಲ ನೋಡ್ತೀರಾ ಅಂತ ನಂಗೆ ಗೊತ್ತಿರ್ಲಿಲ್ಲ ಮೇಡಮ್ಮೋರೆ. ಗೊತ್ತಿರಲಿಲ್ಲ ಅಂದರೆ? ಕಂಪನಿಯಲ್ಲಿ ಅಂದ್ರು, ಆಯಮ್ಮನ ಕಾರು ನೋಡಿದ್ಯಾ, ಇನ್ಮೇಲೆ ನಮಗೆ ಹಗ್ಗದ ಖರ್ಚಿಲ್ಲ ಅಂತ, ನಾನು ಜಗಳ ಆಡ್ದೆ, ದೇವರಾಣೆಗೂ ಆಡ್ದೆ, ನಮ್ ಮೇಡಮ್ಮೋರು ಅಂಥೋರಲ್ಲ ಅಂದೆ, ಹಂಗಾದ್ರೆ ಕಾರು ಎಲ್ಲಿಂದ ಬಂತು ಹೇಳು ಅಂದ್ರು, ನಾನೇನ್ ಹೇಳ್ಲಿ, ನೀವು ಒಂದು ಮಾತು ಹೇಳ್ಲಿಲ್ವಲ್ಲ. ಸೋದರತ್ತೆ ಕೊಟ್ಟಿದ್ದು ಮೇಷ್ಟ್ರೇ — ಬಂದೇಬಿಟ್ಟಿತು ಬಾಯಿಂದ, ನಾಲ್ಕು ತಿಂಗಳಲ್ಲಿ ಮೊದಲನೇ ಸಲ, ಥೂ, ಎಷ್ಟು ಹಸಿ ಸುಳ್ಳಿನ ಹಾಗೆ ಕೇಳಿಸಿತು, ಎಲ್ಲ ಲಂಚಕೋರರಿಗೂ ಇಂಥ ಒಬ್ಬಳು ಸೋದರತ್ತೆ ಇರುತ್ತಾಳಲ್ಲ, ಮೇಷ್ಟ್ರು ಹೂಂ ಎಂದರು, ನಂಬಿದ ಹೂಂ ಅಲ್ಲ, ದೊಡ್ಡವರ ಮಾತಿಗೆ ಹಾಕುವ ಹೂಂ. ಸಿಟ್ಟು ಬಂದರೆ ಅವಳ ಕೈ ಇನ್ನೂ ನೆಟ್ಟಗಾಗುತ್ತದೆ, ಮೇನ್ ಸ್ವಿಚ್ ಕೆಳಗೆಳೆದಳು, ಸೀಲ್ ಹಾಕಿದಳು, ಅರವತ್ತಾರು ಮನೆಯವರೂ ಮೆಟ್ಟಿಲು ಹತ್ತಲಿ, ಮ್ಯಾನೇಜರ್ ತನ್ನ ಕಾಫಿ ತಾನೇ ಕುಡಿಯಲಿ, ಇಲ್ಲಿಗೆ ಇದು ಮುಗಿಯಿತು, ಲಿಫ್ಟಮ್ಮ ಇನ್ನೂ ಲಿಫ್ಟಮ್ಮನೇ ಅಂತ ನಾಳೆ ಊರಿಗೆಲ್ಲ ಗೊತ್ತಾಗುತ್ತದೆ. ಕಂಪನಿಯೋರು ಅಂದಾಗಲೂ ನಾನು ಪೂರ್ತಿ ನಂಬಿರ್ಲಿಲ್ಲ ಮೇಡಮ್ಮೋರೆ, ಮೇಷ್ಟ್ರು ಪೇಪರ್ ಮಡಿಸುತ್ತಾ ತಮ್ಮಷ್ಟಕ್ಕೆ ಹೇಳಿಕೊಂಡ ಹಾಗೆ ಹೇಳಿದರು, ಕಣ್ಣಿನ ಆಸ್ಪತ್ರೆ ಆದ ಮೇಲೇ ನಂಬಿದ್ದು.

ಕಣ್ಣಿನ ಆಸ್ಪತ್ರೆ. ಇಪ್ಪತ್ತು ದಿನದ ಹಿಂದೆ, ಬಿಸಿಲಿಗೆ ಛತ್ರಿ ಹಿಡಿದು ಕಾರಿನ ಬಾಗಿಲು ತೆಗೆದಿದ್ದ ಅಲ್ಲಿನ ಮ್ಯಾನೇಜರ್, ಒಳಗೆ ಮೆತ್ತನೆ ಕುರ್ಚಿ, ಪಿಂಗಾಣಿ ಕಪ್ಪಿನಲ್ಲಿ ಟೀ, ಮೋಟಾರ್ ಕೋಣೆ ಕೀ ಸಿಗ್ತಿಲ್ಲ ಮೇಡಂ, ಇಟ್ಕೊಂಡೋನು ರಜೆ ಹಾಕಿದ್ದಾನೆ, ಡಬ್ಬಾ ಕಾಲದಲ್ಲಾಗಿದ್ದರೆ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದಳು, ಸಂಜೆಯಾಗಲಿ, ನಾಳೆಯಾಗಲಿ, ಕೀ ಬರಬೇಕು, ನಾನು ನೋಡಬೇಕು, ಅವತ್ತು ಕೂರಲಿಲ್ಲ, ಯಾಕೆ ಕೂರಲಿಲ್ಲ, ಹೇಳು, ನಿನಗೆ ನೀನೇ ಹೇಳಿಕೋ, ಹಿತವಾಗಿತ್ತು, ಅಷ್ಟೇ, ಇಷ್ಟು ಮರ್ಯಾದೆ ಕೊಡುವವರ ಮುಂದೆ ಮೆಟ್ಟಿಲ ಮೇಲೆ ಕೂರುವುದು ಚೆನ್ನಾಗಿರಲ್ಲ ಅನ್ನಿಸಿತು, ಅಲ್ಲಿನ ಲಿಫ್ಟೂ ಮೇಷ್ಟ್ರ ಕಂಪನಿಯದೇ, ಮೇಷ್ಟ್ರು ಅಲ್ಲೇ ನಿಂತಿದ್ದರು, ಮೇಷ್ಟ್ರಿಗಿಂತ ಸಾಕ್ಷಿ ಬೇಕೇ, ನೀವು ನೋಡಿದ್ದೀರಲ್ಲ ಮೇಷ್ಟ್ರೇ, ಹಗ್ಗ ಚೆನ್ನಾಗಿದೆ ತಾನೇ, ಒಂದು ಚಣ ಅವಳ ಮುಖವನ್ನೇ ನೋಡಿ ಅವರು, ಚೆನ್ನಾಗಿದೆ ಮೇಡಮ್ಮೋರೆ, ಅವಳು ಸೈನ್ ಹಾಕಿದಳು, ಹೊರಡುವಾಗ ಲಿಫ್ಟ್ ಬಂದು ನಿಂತು ಬಾಗಿಲು ತೆರೆಯಿತು, ಒಳಗೆ ಎಂಟು ಜನ, ಆಪರೇಷನ್ ಮುಗಿದವರು, ದಿನಾ ಹನ್ನೆರಡಕ್ಕೇ ಕೆಳಗಿಳಿಸೋದು ಮೇಡಂ ಎಂದ ಮ್ಯಾನೇಜರ್, ಒಂದೊಂದು ಕಣ್ಣಿಗೆ ಹಸಿರು ಬಟ್ಟೆ, ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡಿದ್ದರು. ಚೆನ್ನಾಗಿದೆ ಅಂತ ನೀವೇ ತಾನೇ ಹೇಳಿದ್ದು ಮೇಷ್ಟ್ರೇ! ನೀವು ಕೇಳಿದ ರೀತಿ ಹಂಗಿತ್ತು ಮೇಡಮ್ಮೋರೆ, ನಿಮಗೆ ಆ ಮಾತೇ ಬೇಕು ಅಂದ್ಕೊಂಡೆ, ನೋಡದೇ ಸೈನ್ ಹಾಕೋ ನಮ್ ಮೇಡಮ್ಮೋರನ್ನ ನಾನು ಯಾವತ್ತೂ ಕಂಡಿರ್ಲಿಲ್ಲ, ಅವತ್ತು ಮನೆಗೆ ಹೋಗಿ ಊಟ ಸೇರಲಿಲ್ಲ ನಂಗೆ. ಅಲ್ಲಿನ ಹಗ್ಗ ಹೇಗಿದೆ? ಇದಕ್ಕಿಂತ ಹಳೇದು. ಅಯ್ಯೋ ದೇವರೇ, ಅವಳು ನಂಬಿದ್ದು ಅವರನ್ನು, ಅವರು ನಂಬಿದ್ದು ಕಾರನ್ನು, ಗಂಟೆ ಎಷ್ಟು, ಹನ್ನೆರಡಕ್ಕೆ ಐದು ನಿಮಿಷ, ಹನ್ನೆರಡಕ್ಕೆ ಕೆಳಗಿಳಿಸುವುದು, ಎಂಟೆಂಟು ಜನ, ಹಸಿರು ಬಟ್ಟೆ, ನಡೀರಿ ಮೇಷ್ಟ್ರೇ, ಹತ್ತನೇ ಮಹಡಿ, ಒಂಬತ್ತು, ಮಂಡಿ ಬಿದ್ದುಹೋಗಲಿ, ಫೋನು, ಆಸ್ಪತ್ರೆ ಮ್ಯಾನೇಜರ್ ನಂಬರು, ಕಾರಿನಲ್ಲಿ ಹದಿನೈದು ನಿಮಿಷದ ದಾರಿ, ಅಷ್ಟರೊಳಗೆ ನಿಲ್ಲಿಸಿಬಿಟ್ಟರೆ ಆಯಿತು, ಅವಳು ನಿಲ್ಲಿಸಿ ಅಂದರೆ ಎಂಥ ಕಟ್ಟಡದಲ್ಲೂ ಲಿಫ್ಟು ನಿಂತಿದೆ, ಇಪ್ಪತ್ತೆರಡು ವರ್ಷ ನಿಂತಿದೆ, ಹಲೋ, ಎತ್ತಿದ, ಓ ಮೇಡಂ ನಮಸ್ಕಾರ, ಲಿಫ್ಟ್ ನಿಲ್ಲಿಸಿ, ಈಗಲೇ, ಹಗ್ಗ ಸರಿಯಿಲ್ಲ, ಒಬ್ಬರನ್ನೂ ಹತ್ತಿಸಬೇಡಿ. ಆ ಕಡೆ ಹೆಜ್ಜೆ ಸದ್ದು, ಪಕ್ಕಕ್ಕೆ ಸರಿಯುತ್ತಿದ್ದಾನೆ, ದನಿ ತಗ್ಗಿಸಿದ, ತಪ್ಪು ನಮ್ದೇ ಮೇಡಂ, ಅವತ್ತು ಬರೀ ಟೀ ಕುಡಿಸಿ ಕಳಿಸಿಬಿಟ್ವಿ, ನೀವಾಗೇ ಬಾಯಿಬಿಟ್ಟು ಕೇಳೋ ಹಂಗಾಯ್ತು, ಸಂಜೆ ನಾನೇ ಮನೆ ಹತ್ರ ಬರ್ತೀನಿ, ಅದಕ್ಕೆ ಪಾಪ ಲಿಫ್ಟ್ ಯಾಕೆ ನಿಲ್ಲಿಸ್ಬೇಕು. ಏನಂದ, ಏನಂದ ಇವನು, ನಾನು ಏನೂ ಕೇಳ್ತಾ ಇಲ್ಲ ಕಣಯ್ಯಾ, ಹಗ್ಗ ಹರೀತಾ ಇದೆ, ಜನ ಸಾಯ್ತಾರೆ, ಗಂಟಲು ಕಿತ್ತುಹೋಗುವ ಹಾಗೆ ಕೂಗಿದಳು, ಮೆಟ್ಟಿಲ ಸಂದಿಯಲ್ಲೆಲ್ಲ ಅವಳದೇ ದನಿ, ಅರ್ಥ ಆಯ್ತು ಮೇಡಂ, ಅರ್ಥ ಆಯ್ತು, ಅವನು ಸಮಾಧಾನ ಮಾಡುತ್ತಿದ್ದಾನೆ, ನಗುತ್ತಿದ್ದಾನೆ, ಅಷ್ಟು ದೊಡ್ಡ ಕಾರು ಸಾಕೋದು ಅಂದ್ರೆ ಸುಮ್ನೆನಾ, ನಮಗೆ ತಿಳಿಯಲ್ವಾ, ಮತ್ತೆ ಅವನ ಹಿಂದೆ, ದೂರದಲ್ಲಿ, ಟಿಂಗ್ ಅಂತು, ಬಾಗಿಲು ಸರಿಯುವ ಸದ್ದು, ಯಾವಳೋ ನರ್ಸಿನ ಮೆತ್ತನೆ ದನಿ, ಹುಷಾರು ಅಜ್ಜಿ, ಮುಂದಿನೋರ ಹೆಗಲು ಹಿಡ್ಕೊಳ್ಳಿ, ಇನ್ನೂ ಇಬ್ಬರಿಗೆ ಜಾಗ ಇದೆ, ಬನ್ನಿ, ಅವಳು ಮೆಟ್ಟಿಲ ನಡುವೆ ನಿಂತುಬಿಟ್ಟಳು, ಒಂದು ಕಾಲು ಕೆಳಗೆ, ಒಂದು ಕಾಲು ಮೇಲೆ, ಕಿವಿಯಲ್ಲಿ ಫೋನು — ಆರು ಜನ, ಏಳು, ಎಂಟು, ಒಂದೊಂದು ಕಣ್ಣಿಗೆ ಹಸಿರು ಬಟ್ಟೆ, ಹೆಗಲ ಮೇಲೆ ಕೈ, ಹಸಿರು ಬಟ್ಟೆ, ಹೆಗಲ ಮೇಲೆ ಕೈ, ಬಾಗಿಲು ಮುಚ್ಚಿಕೊಳ್ಳುತ್ತಿದೆ